ನೀರು ಇಳಿಯದ ಬಕೆಟ್ಟು

"ಗುರುಗಳೇ, ಸೇವೆಯಲ್ಲಿ ಕೊರತೆ ಇಲ್ಲವೆಂದು ತಿಳಿಯುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಗುರುಗಳು ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಯಾರ ಸೇವೆಯಲ್ಲಿ?"

"ದೊಡ್ಡಯ್ಯನವರ ಸೇವೆಯಲ್ಲಿ."

ದೊಡ್ಡಯ್ಯನವರು ಆ ಮಠದಲ್ಲಿ ಎಲ್ಲರಿಗಿಂತ ಹಿರಿಯರು. ಗುರುಗಳಿಗೇ ಅಕ್ಷರ ತಿದ್ದಿಸಿದವರು. ದೀಪಾವಳಿ ಕಳೆದ ಮೇಲೆ ಅವರಿಗೆ ಪಾರ್ಶ್ವವಾಯು ಹೊಡೆದು ಮೈಯ ಬಲಭಾಗ ಸ್ವಾಧೀನ ತಪ್ಪಿತ್ತು. ಮಾತೂ ನಿಂತುಹೋಗಿತ್ತು. ಅಂದಿನಿಂದ ಅವರ ಊಟ, ಸ್ನಾನ, ಹಾಸಿಗೆ ಎಲ್ಲವೂ ಈ ಶಿಷ್ಯನ ಪಾಲಿಗೆ ಬಂದಿದ್ದವು. ಮೊದಮೊದಲು ಅವನು ಮಂಚದ ಬಳಿಯೇ ಕೂತಿರುತ್ತಿದ್ದ. ದೊಡ್ಡಯ್ಯನವರು ಕಣ್ಣು ಹೊರಳಿಸಿದರೆ, ನೀರು ಬೇಕೋ, ಕಿಟಕಿ ತೆರೆಯಬೇಕೋ, ಮಗ್ಗುಲು ಬದಲಿಸಬೇಕೋ ಎಂದು ಊಹಿಸುತ್ತಿದ್ದ. ಹತ್ತು ಊಹೆಯಲ್ಲಿ ಆರು ತಪ್ಪುತ್ತಿದ್ದವು. ತಪ್ಪಿದಾಗ ದೊಡ್ಡಯ್ಯನವರು ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದರು. ಶಿಷ್ಯನಿಗೆ ಅದು ಬೈಗುಳಕ್ಕಿಂತ ಕಷ್ಟವಾಗುತ್ತಿತ್ತು.

"ಹೀಗೆ ಊಹಿಸುತ್ತ ಕೂರುವುದು ಸರಿಯಲ್ಲ ಅನ್ನಿಸಿತು," ಎಂದ ಶಿಷ್ಯ. "ಅದಕ್ಕೇ ಒಂದು ವ್ಯವಸ್ಥೆ ಮಾಡಿದೆ. ಮಂಚದ ಪಕ್ಕದಲ್ಲಿ ಒಂದು ಗಂಟೆ ತೂಗುಹಾಕಿ ಹಗ್ಗ ಇಳಿಬಿಟ್ಟಿದ್ದೇನೆ. ಏನು ಬೇಕಾದರೂ ಹಗ್ಗ ಎಳೆದರೆ ಸಾಕು. ಗಂಟೆ ಪುಸ್ತಕದ ಕೋಣೆಯವರೆಗೆ ಕೇಳಿಸುತ್ತದೆ. ನಾನೇ ಆ ಮಂಚದ ಮೇಲೆ ಮಲಗಿ ಎಳೆದು ನೋಡಿದೆ. ಹೂವು ಕೀಳುವಷ್ಟು ಸುಲಭ."

"ಒಳ್ಳೆಯದು. ಆಮೇಲೆ?"

"ಹನ್ನೆರಡು ದಿನವಾಯಿತು. ದೊಡ್ಡಯ್ಯನವರು ಒಂದು ಸಲವೂ ಗಂಟೆ ಬಾರಿಸಿಲ್ಲ."

"ಅಂದರೆ?"

"ಅಂದರೆ ಅವರಿಗೆ ಕೊರತೆಯಿಲ್ಲ ಎಂದೇ ಅಲ್ಲವೇ? ಹೊತ್ತುಹೊತ್ತಿಗೆ ಊಟಕ್ಕೆ, ಸ್ನಾನಕ್ಕೆ ಹೋಗುತ್ತೇನೆ. ಉಳಿದ ಹೊತ್ತಿನಲ್ಲಿ, ಅರ್ಧಕ್ಕೆ ನಿಲ್ಲಿಸಿದ್ದ ಗ್ರಂಥದ ಟೀಕೆಯನ್ನು ಬರೆದು ಮುಗಿಸಲೇ ಎಂದು ಅಪ್ಪಣೆ ಕೇಳಲು ಬಂದೆ."

ಗುರುಗಳು ಪಕ್ಕದಲ್ಲಿದ್ದ ಮೊರವನ್ನು ಅವನ ಕಡೆಗೆ ಸರಿಸಿದರು.

"ಕೂತುಕೋ. ನೀನೂ ಒಂದು ಹಿಡಿ ತೆಗೆದುಕೋ. ಒಬ್ಬಳು ಹೆಂಗಸು ಕೋಳಿ ಸಾಕಿದ್ದಳು."

"ಕೋಳಿಯ ಕತೆಯೇ?" ಶಿಷ್ಯ ಒಮ್ಮೆ ಒಳಗಿನ ಕಡೆ ನೋಡಿದ.

"ಮಠದಲ್ಲಿ ತನ್ನ ಮಾತು ಬರಬಾರದೆಂದು ಕೋಳಿಗೆ ಯಾರೂ ಹೇಳಿಲ್ಲ," ಎಂದು ಗುರುಗಳು ಕತೆ ಮುಂದುವರಿಸಿದರು.

ಒಬ್ಬಳು ಹೆಂಗಸು ತನ್ನ ಹಿತ್ತಿಲಿನಲ್ಲಿ ಒಂಬತ್ತು ಕೋಳಿ ಸಾಕಿದ್ದಳು. ಒಂದು ಹುಂಜ, ಎಂಟು ಹೇಂಟೆ. ಮನೆಯಲ್ಲಿ ಅವಳು ಮತ್ತು ಅವಳ ಗಂಡ. ಮುಂಗುಸಿಯ ಕಾಟವಿದ್ದದ್ದರಿಂದ ಗೂಡಿನ ಸುತ್ತ ತಂತಿ ಜಾಲರಿ ಹಾಕಿ ಕೋಳಿಗಳನ್ನು ಅದರೊಳಗೇ ಬಿಡುತ್ತಿದ್ದಳು. ನೀರಿಗೆ ಒಂದು ಮಣ್ಣಿನ ಬೋಗುಣಿ ಇಟ್ಟಿದ್ದಳು.

ಕೋಳಿಗೆ ನೀರು ಇಡುವುದು ಸುಲಭ. ಅದನ್ನು ನೀರಾಗಿಯೇ ಉಳಿಸುವುದು ಕಷ್ಟ. ಬೆಳಿಗ್ಗೆ ತೊಳೆದು ತುಂಬಿಟ್ಟ ಬೋಗುಣಿಯೊಳಕ್ಕೆ ಕೋಳಿಗಳು ಗಳಿಗೆಯೊಳಗೆ ಮಣ್ಣು ಕೆದರುತ್ತಿದ್ದವು. ಅಂಚಿನ ಮೇಲೆ ಕೂತು ಹಿಕ್ಕೆ ಹಾಕುತ್ತಿದ್ದವು. ಆಮೇಲೆ ಕೊಳಕು ನೀರನ್ನು ಕುಡಿಯಲಾರೆವೆಂದು ಕತ್ತು ಕೊಂಕಿಸಿ ನಿಲ್ಲುತ್ತಿದ್ದವು. ಹೆಂಗಸು ದಿನಕ್ಕೆ ಮೂರು ಸಲ ಬಗ್ಗಿ ಬೋಗುಣಿ ತೆಗೆದು, ತೆಂಗಿನ ನಾರಿನಿಂದ ಉಜ್ಜಿ, ನೀರು ತುಂಬಿ ಇಡುತ್ತಿದ್ದಳು. ಉಜ್ಜುವಾಗ ಕೋಳಿಗಳು ಸುತ್ತ ಬಂದು ನಿಲ್ಲುತ್ತಿದ್ದವು. ಅವಳು ಒಂದೊಂದನ್ನೂ ಬೈಯುತ್ತಿದ್ದಳು. ಬೈಯಬೇಕಾದರೆ ನೋಡಲೇಬೇಕು. ಹಾಗಾಗಿ ಯಾವುದರ ಕಣ್ಣು ಮಂಕಾಗಿದೆ, ಯಾವುದು ಕಾವಿಗೆ ಬಂದಿದೆ, ಯಾವುದು ನಿನ್ನೆಯಿಂದ ಕುಂಟುತ್ತಿದೆ ಎಂಬುದೆಲ್ಲ ಅವಳಿಗೆ ತಿಳಿದಿರುತ್ತಿತ್ತು. ಆದರೆ ತಿಳಿದಿದೆಯೆಂಬುದು ಅವಳಿಗೆ ತಿಳಿದಿರಲಿಲ್ಲ. ತಾನು ಬೋಗುಣಿ ತೊಳೆಯುತ್ತಿದ್ದೇನೆ ಎಂದೇ ಅವಳು ಅಂದುಕೊಂಡಿದ್ದಳು.

ಏಳು ವರ್ಷ ಹೀಗೆ ನಡೆಯಿತು. ಈ ಏಳು ವರ್ಷದಲ್ಲಿ ಅವಳು ಒಂದು ರಾತ್ರಿಯೂ ಬೇರೆ ಊರಿನಲ್ಲಿ ಮಲಗಿರಲಿಲ್ಲ. ಯಾರು ಕರೆದರೂ "ಕೋಳಿಗೆ ನೀರು ಇಡೋರು ಯಾರು?" ಎನ್ನುತ್ತಿದ್ದಳು. ಕರೆದವರು ಕ್ರಮೇಣ ಕರೆಯುವುದನ್ನೇ ಬಿಟ್ಟರು. ಅವಳಿಗೆ ಅದು ಸಮಾಧಾನವೂ ಆಯಿತು, ನೋವೂ ಆಯಿತು.

ಆ ವರ್ಷ ಬೇಸಿಗೆಯಲ್ಲಿ ಅವಳ ತಂಗಿಯ ಮಗಳ ಮದುವೆ ಗೊತ್ತಾಯಿತು. ತಂಗಿ ಫೋನು ಮಾಡಿ ಹೇಳಿದಳು: "ಅಕ್ಕಾ, ನನ್ನ ಮದುವೇಲಿ ಧಾರೆ ಹೊತ್ತಿಗೆ ನೀನು ನನ್ನ ಪಕ್ಕ ಇದ್ದೆ. ಇವಳ ಧಾರೆಗೂ ಇರ್ತೀಯ. ಈ ಸಲ ಕೋಳಿ ಅಂದ್ರೆ, ಆ ಕೋಳಿಗಳೇ ನಿನ್ನ ಒಡಹುಟ್ಟಿದೋರು ಅಂದ್ಕೋತೀನಿ. ಇನ್ನು ಫೋನು ಮಾಡಲ್ಲ."

ಮದುವೆ ಇದ್ದದ್ದು ದೂರದ ಊರಿನಲ್ಲಿ. ಹೋಗಿ ಬರುವುದಕ್ಕೆ ಮೂರು ರಾತ್ರಿ ಬೇಕು. ಇನ್ನೊಂದು ತಿಂಗಳಿತ್ತು. ಹೆಂಗಸು ಹೊಸ ನೀರಿನ ವ್ಯವಸ್ಥೆಯನ್ನು ಹುಡುಕತೊಡಗಿದಳು.

ಮೊದಲು ಪಕ್ಕದ ಮನೆಯವಳನ್ನು ಕೇಳಿದಳು. ಪಕ್ಕದ ಮನೆಯವಳು ಕೋಳಿ ಸಾಕಿರಲಿಲ್ಲ, ಆದರೆ ಅಭಿಪ್ರಾಯ ಸಾಕಿದ್ದಳು.

"ನಮ್ಮಜ್ಜಿ ಬೋಗುಣಿ ಮಧ್ಯೆ ಒಂದು ಕಲ್ಲು ಇಡ್ತಿದ್ಲು. ಕಾಲಿಡೋಕೆ ಜಾಗ ಇರಲ್ಲ, ನೀರು ಕೆಡಲ್ಲ," ಎಂದಳು.

ಹೆಂಗಸು ಕಲ್ಲು ಇಟ್ಟಳು. ಕೋಳಿಗಳು ಕಲ್ಲಿನ ಮೇಲೆ ನಿಂತವು.

ಆಮೇಲೆ ಸಂತೆಯಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತಂದಳು. ನೀರು ತುಂಬಿ ತಲೆಕೆಳಗೆ ಮಾಡಿ ಇಟ್ಟರೆ ಕೆಳಗಿನ ಕೆಂಪು ತಟ್ಟೆಯ ಅಂಚಿಗೆ ಕುಡಿದಷ್ಟೇ ನೀರು ಇಳಿಯುತ್ತದೆ. ಒಳ್ಳೆಯ ಉಪಾಯ. ಆದರೆ ಹುಂಜ ಡಬ್ಬಿಯ ತುದಿಗೆ ಹಾರಿ ಕೂಗಲು ಕಲಿಯಿತು. ಎರಡನೆಯ ದಿನ ಡಬ್ಬಿ ಉರುಳಿತು. ಅವಳು ಅದನ್ನು ಇಟ್ಟಿಗೆಯ ಮೇಲೆ ಕೂರಿಸಿ, ಅಲುಗಾಡದಂತೆ ಗೂಟಕ್ಕೆ ಕಟ್ಟಿದಳು. ಆಗ ತಟ್ಟೆಯ ತುಂಬ ಹೊಟ್ಟು ಸೇರಿಕೊಂಡಿತು. ತಟ್ಟೆಯನ್ನು ತೊಳೆಯಲು ಗೂಟ ಬಿಚ್ಚಬೇಕಾಯಿತು. ಬೋಗುಣಿಗೆ ಮೂರು ಸಲ ಬಗ್ಗುತ್ತಿದ್ದವಳು ಈಗ ನಾಲ್ಕು ಸಲ ಬಗ್ಗಿದಳು.

ಗಂಡ ಕಾಫಿ ಲೋಟ ಹಿಡಿದು ಹಿತ್ತಿಲ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದ.

"ಕೋಳಿಗೆ ಮೂರನೇ ಥರದ ಪಾತ್ರೆ ಬಂತು. ನನ್ನ ಲೋಟಕ್ಕೆ ಹಿಡಿ ಹೋಗಿ ಎರಡು ವರ್ಷ ಆಯ್ತು," ಎಂದ.

"ನೀವು ಲೋಟದ ಮೇಲೆ ಹತ್ತಿ ಕೂಗಿ, ಹೊಸದು ತರ್ತೀನಿ," ಎಂದಳು ಹೆಂಗಸು.

ಕೊನೆಗೆ ಅವಳು ತಾಲ್ಲೂಕು ಊರಿಗೆ ಹೋಗಿ ಕೋಳಿ ಸಾಮಾನಿನ ಒಬ್ಬ ವ್ಯಾಪಾರಿಯನ್ನು ಕಂಡಳು. ವ್ಯಾಪಾರಿ ಒಂದು ಉದ್ದನೆಯ ಪೈಪು ತೋರಿಸಿದ. ಪೈಪಿನ ಅಡಿಯಲ್ಲಿ ಸಾಲಾಗಿ ಪುಟ್ಟ ಪುಟ್ಟ ಸ್ಟೀಲಿನ ಪಿನ್ನುಗಳಿದ್ದವು. ಪೈಪಿಗೆ ಒಂದು ಬಕೆಟ್ಟಿನಿಂದ ನೀರು ಬರಬೇಕು. ಕೋಳಿ ಕತ್ತೆತ್ತಿ ಪಿನ್ನನ್ನು ಕೊಕ್ಕಿನಿಂದ ಕುಟ್ಟಿದರೆ ಒಂದು ಹನಿ ಬೀಳುತ್ತದೆ. ಕುಟ್ಟದಿದ್ದರೆ ಬೀಳುವುದಿಲ್ಲ. ಕಾಲಿಡಲು ತಟ್ಟೆಯಿಲ್ಲ, ಹತ್ತಲು ಡಬ್ಬಿಯಿಲ್ಲ, ಕೆದರಿದ ಮಣ್ಣು ತಲುಪುವುದಿಲ್ಲ.

"ಕೋಳಿಗೆ ಇದು ಗೊತ್ತಾಗುತ್ತಾ?" ಎಂದು ಕೇಳಿದಳು.

"ಹೊಳೆಯೋದನ್ನ ಕುಟ್ಟದೇ ಇರೋ ಕೋಳಿ ಎಲ್ಲಿದೆ ಅಮ್ಮಾ?" ಎಂದ ವ್ಯಾಪಾರಿ. "ಇದನ್ನ ಹಾಕಿಸಿಬಿಡಿ. ಆಮೇಲೆ ನೀವು ಕೋಳಿ ಕಡೆ ತಿರುಗಿ ನೋಡೋ ಹಾಗೇ ಇಲ್ಲ."

ಅವಳು ಕೊಂಡದ್ದು ಆ ಮಾತಿಗೆ.

ಇಲ್ಲಿ ಶಿಷ್ಯ ನಡುವೆ ಬಾಯಿ ಹಾಕಿದ. "ವ್ಯಾಪಾರಿ ಮೋಸ ಮಾಡಿದನೇ?"

"ಇಲ್ಲ. ಪೈಪು ಚೆನ್ನಾಗಿತ್ತು. ನಿನ್ನ ಹಣ್ಣಿನಲ್ಲಿ ನಾರು ಉಳಿದಿದೆ, ತೆಗೆ," ಎಂದರು ಗುರುಗಳು.

ಹೆಂಗಸಿನ ಮನೆಯಲ್ಲಿ ಸುಣ್ಣದ ಬಣ್ಣ ತುಂಬಿಕೊಂಡು ಬಂದಿದ್ದ ಒಂದು ಬಿಳಿಯ ದೊಡ್ಡ ಪ್ಲಾಸ್ಟಿಕ್ ಬಕೆಟ್ಟಿತ್ತು. ಮುಚ್ಚಳವೂ ಇತ್ತು. ಅದನ್ನು ಚೆನ್ನಾಗಿ ತೊಳೆದು, ತಳಕ್ಕೆ ಪೈಪು ಜೋಡಿಸಿ, ಗೂಡಿನ ಕಂಬಕ್ಕೆ ಎದೆಯೆತ್ತರದಲ್ಲಿ ಕಟ್ಟಿದಳು. ಬಕೆಟ್ಟಿನ ಮೈ ತೆಳ್ಳಗಿದ್ದದ್ದರಿಂದ ಬಿಸಿಲಿನಲ್ಲಿ ಒಳಗಿನ ನೀರಿನ ಮಟ್ಟ ಹೊರಗೆ ಕಾಣುತ್ತಿತ್ತು. ಇದ್ದಿಲಿನಿಂದ ಅದರ ಮೇಲೆ ಗೆರೆಗಳನ್ನು ಎಳೆದಳು. ಮುಚ್ಚಳವನ್ನು ಸುಮ್ಮನೆ ಮೇಲಿಟ್ಟು, ಗಾಳಿಗೆ ಹಾರದಂತೆ ಒಂದು ಕಲ್ಲು ಹೇರಿದಳು.

ಮೊದಲ ದಿನ ಕೋಳಿಗಳು ಪೈಪಿನ ಕೆಳಗೆ ನಿಂತು ಬೋಗುಣಿ ಎಲ್ಲಿ ಎಂದು ಕೇಳಿದವು. ಹೆಂಗಸು ಕುಕ್ಕರುಗಾಲಿನಲ್ಲಿ ಕೂತು, ತೋರುಬೆರಳ ಉಗುರಿನಿಂದ ಪಿನ್ನನ್ನು ಕುಟ್ಟಿ ಕುಟ್ಟಿ ತೋರಿಸಿದಳು. ಹನಿ ಬಿತ್ತು. ಎಲ್ಲಕ್ಕಿಂತ ಮೊದಲು ಕಲಿತದ್ದು ಕಳ್ಳಿ. ಅದು ಒಂದು ಕೆಂಪು ಹೇಂಟೆ. ಜಾಲರಿಯ ಮೂಲೆಯಲ್ಲಿ ಅಂಗೈಯಗಲದ ಸಂದು ಕಂಡುಹಿಡಿದು ಆಗಾಗ ಪಕ್ಕದ ಮನೆಯ ಮುಸುರೆಗೆ ಹೋಗುತ್ತಿದ್ದದ್ದರಿಂದ ಪಕ್ಕದ ಮನೆಯವಳು ಅದಕ್ಕೆ ಆ ಹೆಸರಿಟ್ಟಿದ್ದಳು. ಎಲ್ಲಕ್ಕಿಂತ ಕೊನೆಗೆ ಕಲಿತದ್ದು ಜುಟ್ಟಿ. ಅದು ಎಲ್ಲಕ್ಕಿಂತ ಹಳೆಯದು. ತಲೆಯ ಮೇಲೆ ಜುಟ್ಟಿತ್ತು. ಮೂರು ದಿನ ಹಟ ಹಿಡಿದು, ನಾಲ್ಕನೆಯ ದಿನ ಯಾರೂ ನೋಡದಾಗ ಕುಟ್ಟಿತು. ಈ ಹೆಂಗಸಿಗೆ ಕೋಳಿ ಸಾಕುವ ಆಸೆ ಹುಟ್ಟಿಸಿದ್ದೇ ಜುಟ್ಟಿ. ಅದು ಕುಟ್ಟಿದ ದಿನ ಅವಳು ತಂಗಿಗೆ ಫೋನು ಮಾಡಿ, "ಬರ್ತೀನಿ ಕಣೇ," ಎಂದಳು.

ಹದಿನೈದು ದಿನ ಅವಳು ವ್ಯವಸ್ಥೆಯನ್ನು ಪರೀಕ್ಷಿಸಿದಳು. ದಿನಕ್ಕೆ ಒಂದೊಂದು ಗೆರೆಯಷ್ಟು ನೀರು ಇಳಿಯುತ್ತಿತ್ತು. ಬಕೆಟ್ಟು ತುಂಬಿದ್ದರೆ ಐದು ದಿನ ಸಾಕು. ಮದುವೆಗೆ ಮೂರೇ ರಾತ್ರಿ. ಲೆಕ್ಕ ಸರಿಯಿತ್ತು. ಈ ಹದಿನೈದು ದಿನದಲ್ಲಿ ಅವಳು ಕೋಳಿಗಳ ನಡುವೆ ಬಗ್ಗಲಿಲ್ಲ. ಬೆಳಿಗ್ಗೆ ಹಿತ್ತಿಲ ಬಾಗಿಲು ತೆರೆದು, ಅಲ್ಲಿಂದಲೇ ಬಕೆಟ್ಟಿನ ಗೆರೆ ನೋಡಿ, ಒಳಗೆ ಹೋಗುತ್ತಿದ್ದಳು. ಅವಳ ಸೊಂಟದ ನೋವೂ ಕಡಿಮೆಯಾಯಿತು.

ಗಂಡನೊಡನೆ ಹೊರಡುವ ಬೆಳಿಗ್ಗೆ ಬಕೆಟ್ಟು ತುಂಬಿಸಿದಳು. ಕಾಳಿನ ತೊಟ್ಟಿಯನ್ನೂ ತುಂಬಿಸಿದಳು. ಮುಚ್ಚಳ ಇಡುವಾಗ ಕಂಬದ ಮೇಲೆ ಒಂದು ಹಲ್ಲಿ ಕಂಡಿತು.

ಹಲ್ಲಿ ಬಿದ್ದ ನೀರು ವಿಷವೆಂದು ಅವಳ ತಾಯಿ ಹೇಳಿದ್ದಳು. ತಾಯಿಗೆ ಅವಳ ತಾಯಿ ಹೇಳಿದ್ದಳು. ಮೂರು ದಿನ ತಾನು ಇರುವುದಿಲ್ಲ. ಮುಚ್ಚಳ ಸಡಿಲ. ಹಲ್ಲಿ ಒಳಗೆ ಬಿದ್ದರೆ ಒಂಬತ್ತೂ ಹೋದವು. ಅವಳು ಕಲ್ಲನ್ನು ತೆಗೆದಿಟ್ಟು, ಮುಚ್ಚಳವನ್ನು ಸುತ್ತಲೂ ಮುಷ್ಟಿಯಿಂದ ಗುದ್ದಿ ಕೂರಿಸಿದಳು. ಅದು ನಾಲ್ಕು ಕಡೆಯಿಂದಲೂ ಟಪ್ ಟಪ್ ಎಂದು ಬಿಗಿಯಾಯಿತು. ಅಷ್ಟಕ್ಕೂ ಸಮಾಧಾನವಾಗದೆ ಹಳೆಯ ಸೈಕಲ್ ಟ್ಯೂಬನ್ನು ಸೀಳಿ ಮುಚ್ಚಳದ ಅಂಚಿನ ಸುತ್ತ ಎರಡು ಸುತ್ತು ಎಳೆದು ಕಟ್ಟಿದಳು. ಈಗ ಹಲ್ಲಿಯಲ್ಲ, ಇರುವೆಯೂ ಹೋಗುವಂತಿರಲಿಲ್ಲ.

ಪಕ್ಕದ ಮನೆಯವಳನ್ನು ಬೇಲಿಯ ಬಳಿ ಕರೆದು ಹೇಳಿದಳು: "ನೀನೇನೂ ಮಾಡೋದು ಬೇಡ ಕಣೇ. ನಿಮ್ಮ ಬೇಲಿಯಿಂದಲೇ ಬಕೆಟ್ಟು ಕಾಣುತ್ತೆ. ದಿನಾ ಎರಡು ಸಲ ನೋಡು. ನೀರು ಕೊನೇ ಗೆರೆಗೆ ಬಂದ್ರೆ ಮಾತ್ರ ಒಂದು ಕೊಡ ಹಾಕು."

"ಅಷ್ಟೇನಾ? ನಾನೇನೋ ಕೋಳಿಗಳಿಗೆ ಹಾಡು ಹೇಳಿ ಮಲಗಿಸಬೇಕೇನೋ ಅಂದ್ಕೊಂಡೆ," ಎಂದಳು ಪಕ್ಕದ ಮನೆಯವಳು. "ಹೋಗಿ ಬಾ ಅಕ್ಕಾ. ಒಂದಿನಾನೂ ತಪ್ಪಿಸಲ್ಲ."

ಅವಳು ಮಾತು ತಪ್ಪುವವಳಲ್ಲ. ತಪ್ಪಲೂ ಇಲ್ಲ.

ಮೊದಲ ದಿನ ಮಧ್ಯಾಹ್ನ ಪಕ್ಕದ ಮನೆಯವಳು ಬೇಲಿಯ ಬಳಿ ಬಂದು ನೋಡಿದಳು. ನೀರು ಒಂದು ಬೆರಳಿನಷ್ಟು ಇಳಿದಿತ್ತು. ಸಂಜೆಯೂ ನೋಡಿದಳು. ಅಷ್ಟೇ ಇತ್ತು. ಕೋಳಿಗಳು ಬಹಳ ಗಲಾಟೆ ಮಾಡುತ್ತಿದ್ದವು. ಯಜಮಾನಿ ಇಲ್ಲದ್ದಕ್ಕೆ ಎಂದುಕೊಂಡಳು.

ಎರಡನೆಯ ದಿನ ಬಕೆಟ್ಟು ಹಾಗೆಯೇ ತುಂಬಿತ್ತು. ಅದರ ಎರಡು ಮಗ್ಗುಲು ಮಾತ್ರ ಕೆನ್ನೆ ಎಳೆದುಕೊಂಡಂತೆ ಸ್ವಲ್ಪ ಒಳಕ್ಕೆ ಹೋಗಿದ್ದವು. ಬಿಸಿಲಿಗೆ ಪ್ಲಾಸ್ಟಿಕ್ ಹೀಗಾಗುತ್ತದೆ ಎಂದುಕೊಂಡಳು. ಮಧ್ಯಾಹ್ನ ಕಳ್ಳಿ ಸಂದಿನಿಂದ ನುಸುಳಿ ಬಂದು ಅವಳ ಪಾತ್ರೆ ತೊಳೆಯುವ ಕಲ್ಲಿನ ಬಳಿ ನಿಂತಿತು. ಅವಳು ಪೊರಕೆ ಎತ್ತಿದಳು.

"ಏಯ್ ಕಳ್ಳಿ! ನಿಮ್ಮನೇಲಿ ಬಕೆಟ್ಟು ತುಂಬ ನೀರಿದೆ. ಪೈಪು ಬೇರೆ ಹಾಕಿಸಿದ್ದಾರೆ ಮಹಾರಾಣಿಗೆ. ನಮ್ಮ ಮುಸುರೇನೇ ಬೇಕಾ ನಿಂಗೆ? ನಡಿ ಆಚೆ!"

ಕಳ್ಳಿ ಓಡಿತು. ಮತ್ತೆ ಬಂತು. ಅವಳು ಮತ್ತೆ ಓಡಿಸಿದಳು. ಮೂರನೆಯ ಸಲ ಅವಳಿಗೆ ಬೇಸರವಾಗಿ ಒಳಗೆ ಹೋದಳು. ಕಳ್ಳಿ ಕಲ್ಲಿನ ಗುಂಡಿಯಲ್ಲಿ ನಿಂತಿದ್ದ ನೀರನ್ನು ಕುಡಿಯಿತು.

ಆ ಸಂಜೆ ಮದುವೆಮನೆಯಿಂದ ಫೋನು ಬಂತು. ಹಿನ್ನೆಲೆಯಲ್ಲಿ ವಾಲಗ ಕೇಳಿಸುತ್ತಿತ್ತು.

"ನೀರು ಹೇಗಿದೆಯೇ?"

"ತುಂಬಿದೆ ಅಕ್ಕಾ. ಗೆರೆ ಕೂಡ ದಾಟಿಲ್ಲ."

"ಇನ್ನೂ ಒಂದು ಗೆರೆನೂ ಇಳಿದಿಲ್ವಾ?"

"ಇಲ್ಲ ಅಂದ್ನಲ್ಲ. ಏನು ಪೈಪೋ ಏನೋ, ಒಂದು ಹನಿ ಪೋಲಾಗಲ್ಲ ನೋಡು."

"ಗಲಾಟೆ ಮಾಡ್ತಿದಾವಾ?"

"ನಿನ್ನೆ ಮಾಡಿದ್ವು. ಇವತ್ತು ಗಪ್‌ಚಿಪ್. ನಿನ್ನ ಮರೆತೇಬಿಟ್ಟಿದಾವೆ. ನೀನು ಆರಾಮಾಗಿ ಊಟ ಮಾಡ್ಕೊಂಡು ಬಾ."

ಹೆಂಗಸಿಗೆ ಒಂದು ಗಳಿಗೆ ಏನೋ ಅನ್ನಿಸಿತು. ಹದಿನೈದು ದಿನ ದಿನಕ್ಕೊಂದು ಗೆರೆ ಇಳಿದಿತ್ತು. ಈಗ ಯಾಕೆ ಇಳಿದಿಲ್ಲ? ಅಷ್ಟರಲ್ಲಿ ತಂಗಿ ಬಂದು, "ಬಾ ಅಕ್ಕಾ, ಮದುವಣಗಿತ್ತಿಗೆ ಎಣ್ಣೆ ಹಚ್ಚಬೇಕು," ಎಂದು ಕೈ ಹಿಡಿದು ಎಳೆದಳು. ಏಳು ವರ್ಷದ ಮೇಲೆ ಯಾರೋ ಅವಳನ್ನು ಕೈ ಹಿಡಿದು ಎಳೆದಿದ್ದರು. ನೀರು ಮುಗಿದಿದೆಯೆಂದರೆ ಚಿಂತಿಸಬೇಕು, ತುಂಬಿದೆಯೆಂದರೆ ಚಿಂತಿಸುವುದೇನು ಎಂದುಕೊಂಡು ಹೋದಳು.

ಮೂರನೆಯ ದಿನ ಪಕ್ಕದ ಮನೆಯವಳು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿದಳು. ಬಕೆಟ್ಟು ತುಂಬಿತ್ತು. ಕೋಳಿಗಳು ನೆರಳಿನಲ್ಲಿ ಮಲಗಿದ್ದವು. ತೊಟ್ಟಿಯ ಕಾಳೂ ಹಾಗೆಯೇ ಇತ್ತು. ಇಷ್ಟು ಅಚ್ಚುಕಟ್ಟಾದ ಕೋಳಿಗಳನ್ನು ತಾನು ಕಂಡಿಲ್ಲ ಎಂದು ಅವಳು ತನ್ನ ಅತ್ತೆಗೆ ಹೇಳಿದಳು. ಅದೇ ಸಂಜೆ ತಾನೂ ನಾಲ್ಕು ಕೋಳಿ ಸಾಕಬೇಕೆಂದು ಮನಸ್ಸು ಮಾಡಿದಳು.

ನಾಲ್ಕನೆಯ ದಿನ ಬೆಳಿಗ್ಗೆ ಹೆಂಗಸು ಗಂಡನ ಜೊತೆ ಊರಿಗೆ ಬಂದಳು. ಚಪ್ಪಲಿ ಬಿಡುವ ಮೊದಲು, ಮುಡಿದ ಹೂವಿನಲ್ಲಿಯೇ ಹಿತ್ತಿಲಿಗೆ ಹೋದಳು. ಬಾಗಿಲಲ್ಲಿ ನಿಂತು ಬಕೆಟ್ಟು ನೋಡಿದಳು. ತುಂಬಿತ್ತು. ಅವಳಿಗೆ ಸಂತೋಷವಾಯಿತು. ಆಮೇಲೆ ಕೆಳಗೆ ನೋಡಿದಳು.

ನಾಲ್ಕು ಕೋಳಿ ಸತ್ತಿದ್ದವು. ಹುಂಜವೂ ಮೂರು ಹೇಂಟೆಗಳೂ ಪೈಪಿನಿಂದ ದೂರ, ಗೋಡೆಯ ನೆರಳಿನಲ್ಲಿ ಕೊಕ್ಕು ತೆರೆದು ಏದುತ್ತ ಬಿದ್ದಿದ್ದವು. ಕಳ್ಳಿ ಜಾಲರಿಯ ಹೊರಗೆ ಗೋಡೆಯ ಮೇಲೆ ಕೂತಿತ್ತು. ಸತ್ತವುಗಳಲ್ಲಿ ಮೂರು ಅಲ್ಲಲ್ಲಿ ಇದ್ದವು. ನಾಲ್ಕನೆಯದು ಜುಟ್ಟಿ. ಅದು ಪೈಪಿನ ಕೆಳಗೆ, ಒಂದು ಪಿನ್ನಿನ ನೇರಕ್ಕೆ ಬಿದ್ದಿತ್ತು. ಅದರ ಕೊಕ್ಕಿನ ತುದಿ ಸವೆದು ಬೆಳ್ಳಗಾಗಿತ್ತು. ಕಲಿಯಲು ಎಲ್ಲಕ್ಕಿಂತ ತಡಮಾಡಿದ್ದು ಅದು. ಬಿಡಲೂ ಎಲ್ಲಕ್ಕಿಂತ ತಡಮಾಡಿತ್ತು.

ಹೆಂಗಸು ಉಗುರಿನಿಂದ ಪಿನ್ನು ಕುಟ್ಟಿದಳು. ಹನಿ ಬೀಳಲಿಲ್ಲ. ಎಲ್ಲ ಪಿನ್ನುಗಳನ್ನೂ ಕುಟ್ಟಿದಳು. ಬೀಳಲಿಲ್ಲ. ಎದ್ದು ನಿಂತು ಸೈಕಲ್ ಟ್ಯೂಬು ಬಿಚ್ಚಿ, ಮುಚ್ಚಳದ ಸಂದಿಗೆ ಬೆರಳು ಹಾಕಿ ಮೀಟಿದಳು. ಬಕೆಟ್ಟು ಬುಸ್ಸೆಂದು ಗಾಳಿ ಎಳೆದುಕೊಂಡಿತು. ಒಳಕ್ಕೆ ಹೋಗಿದ್ದ ಕೆನ್ನೆಗಳು ಹೊರಕ್ಕೆ ಬಂದವು. ಮತ್ತೆ ಕೂತು ಪಿನ್ನು ಕುಟ್ಟಿದಳು. ಹನಿ ಬಿತ್ತು.

ನೀರು ಇಳಿಯಬೇಕಾದರೆ ಮೇಲಿನಿಂದ ಗಾಳಿ ಹೋಗಬೇಕು. ಹಲ್ಲಿಗೆ ದಾರಿ ಮುಚ್ಚಿದವಳು ಗಾಳಿಗೂ ಮುಚ್ಚಿದ್ದಳು. ಮೂರು ದಿನ ಕೋಳಿಗಳು ತುಂಬಿದ ಬಕೆಟ್ಟಿನ ಕೆಳಗೆ ನಿಂತು ಬಾಯಾರಿದ್ದವು.

ಸದ್ದು ಕೇಳಿ ಪಕ್ಕದ ಮನೆಯವಳು ಬೇಲಿಯ ಬಳಿ ಬಂದಳು. ನೋಡಿ ಬಾಯಿಯ ಮೇಲೆ ಸೆರಗಿಟ್ಟುಕೊಂಡಳು.

"ನಾನು ದಿನಾ ನೋಡಿದೆ ಅಕ್ಕಾ. ದೇವರಾಣೆ, ಎರಡೆರಡು ಸಲ ನೋಡಿದೆ."

"ಏನು ನೋಡಿದೆ?" ಎಂದಳು ಹೆಂಗಸು.

"ಬಕೆಟ್ಟು."

ಹೆಂಗಸು ಅವಳನ್ನು ಬೈಯಲಿಲ್ಲ. ಅದನ್ನು ನೋಡು ಎಂದವಳು ತಾನೇ. ಆ ಹದಿನೈದು ದಿನ ತಾನು ನೋಡಿದ್ದೂ ಅದನ್ನೇ. ಅವಳು ಜುಟ್ಟಿಯನ್ನು ಸೆರಗಿನಲ್ಲಿ ಎತ್ತಿಕೊಂಡಳು. ಗಂಡ ಹೋಗಿ ಹಳೆಯ ಮಣ್ಣಿನ ಬೋಗುಣಿಯನ್ನು ಹುಡುಕಿ ತಂದು, ತೊಳೆದು, ನೀರು ತುಂಬಿಟ್ಟ. ಜಾಲರಿಯೊಳಗೆ ಬದುಕಿದ್ದ ನಾಲ್ಕನ್ನು ಒಂದೊಂದಾಗಿ ಎತ್ತಿ ಕೊಕ್ಕನ್ನು ನೀರಿಗೆ ಮುಟ್ಟಿಸಿದ. ಕುಡಿದವು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಮೊರದಲ್ಲಿ ಬೀಜದ ಗುಡ್ಡೆ ದೊಡ್ಡದಾಗಿತ್ತು.

ಶಿಷ್ಯ ಕೈಯಲ್ಲಿದ್ದ ಹಣ್ಣಿನ ಬೀಜ ಬಿಡಿಸಿ ಮೊರಕ್ಕೆ ಹಾಕಿದ. ಆಮೇಲೆ, "ಹಾಗಾದರೆ ಬೋಗುಣಿಯೇ ಉತ್ತಮ ಎಂದಾಯಿತು," ಎಂದ.

"ಯಾರು ಹೇಳಿದರು? ಬೋಗುಣಿಯ ನೀರು ಕೊಳಕಾಗುತ್ತದೆ. ಅವಳು ಪೈಪನ್ನು ಬಿಸಾಡಲಿಲ್ಲ. ಕಬ್ಬಿಣದ ಮೊಳೆ ಕಾಯಿಸಿ ಮುಚ್ಚಳಕ್ಕೆ ಒಂದು ತೂತು ಮಾಡಿದಳು. ಹಲ್ಲಿ ಬೀಳದಂತೆ ತೂತಿನ ಮೇಲೆ ತೆಳುಬಟ್ಟೆ ಕಟ್ಟಿದಳು. ಇವತ್ತಿಗೂ ಅವಳ ಕೋಳಿಗಳು ಪೈಪಿನಲ್ಲಿಯೇ ಕುಡಿಯುತ್ತವೆ."

"ಬೇರೆ ಊರಿಗೆ ಹೋಗುವುದನ್ನು ಬಿಟ್ಟಳೇ?"

"ಇಲ್ಲ. ಆಮೇಲೆ ತಂಗಿಯ ಮಗಳ ಬಾಣಂತನಕ್ಕೂ ಹೋಗಿ ಹದಿನೈದು ದಿನ ಇದ್ದು ಬಂದಳು. ಹೋಗುವಾಗ ಪಕ್ಕದ ಮನೆಯವಳನ್ನು ಹಿತ್ತಿಲೊಳಕ್ಕೆ ಕರೆದು, ಕೋಳಿಗಳ ನಡುವೆ ಕುಕ್ಕರುಗಾಲಿನಲ್ಲಿ ಕೂರಿಸಿ, ಪಿನ್ನು ಕುಟ್ಟುವುದನ್ನು ಕಲಿಸಿಹೋದಳು. ಊರಲ್ಲಿದ್ದಾಗ ತಾನೇ ದಿನವೂ ಕಾಫಿಗೆ ಮೊದಲು ಕೂತು ಒಂದೊಂದು ಪಿನ್ನನ್ನೂ ಉಗುರಿನಿಂದ ಕುಟ್ಟುತ್ತಾಳೆ. ಕುಟ್ಟುತ್ತ ಕೋಳಿಗಳನ್ನು ಬೈಯುತ್ತಾಳೆ. ಬಕೆಟ್ಟಿನ ಗೆರೆಗಳನ್ನು ಅಳಿಸಿಹಾಕಿದ್ದಾಳೆ."

ಶಿಷ್ಯ ತಲೆದೂಗಿದ. ಕತೆಯ ತಿರುಳು ಕೈಗೆ ಸಿಕ್ಕಿದಂತೆ ಅವನ ಮುಖ ಬೆಳಗಿತು.

"ಅರ್ಥವಾಯಿತು ಗುರುಗಳೇ. ಮುಚ್ಚಳವನ್ನು ಅಷ್ಟು ಬಿಗಿದದ್ದೇ ಅವಳ ತಪ್ಪು. ಹೊರಡುವ ಮೊದಲು, ಬಿಗಿದ ಮೇಲೆ ಒಂದು ಸಲ ಕುಟ್ಟಿ ನೋಡಬೇಕಿತ್ತು. ನನ್ನ ಗಂಟೆಗೆ ಆ ಭಯವಿಲ್ಲ. ಮಂಚದ ಬಲಕ್ಕೆ ಇಳಿಬಿಟ್ಟ ಹಗ್ಗ ಎಲ್ಲಿಯೂ ಸಿಕ್ಕಿಕೊಂಡಿಲ್ಲ, ಗಂಟೆಯ ನಾಲಗೆ ಸಡಿಲವಾಗಿದೆ. ಅದಕ್ಕೇ ಹೇಳಿದೆನಲ್ಲ, ನಾನೇ ಮಂಚದ ಮೇಲೆ ಮಲಗಿ ಎಳೆದು ನೋಡಿದ್ದೇನೆ."

ಗುರುಗಳು ಮೊದಲ ಬಾರಿಗೆ ಹುಣಸೆಹಣ್ಣನ್ನು ಕೆಳಗಿಟ್ಟರು.

"ಯಾವ ಕೈಯಲ್ಲಿ ಎಳೆದೆ?"

ಶಿಷ್ಯ ತನ್ನ ಬಲಗೈಯನ್ನು ನೋಡಿಕೊಂಡ.